ಇನ್ಸುಲಿನ್ ತೆಗೆದುಕೊಳ್ಳುವವರು ಸೈಕಲ್ ರೇಸ್‌ಗೆ ಇಳಿಯಬಹುದಾ? ನಾಡಾದ ಟಿಯುಇ ಬಗ್ಗೆ ನನ್ನ ರಿವ್ಯೂ

ಇಳಿಯಬಹುದು. ಧೈರ್ಯವಾಗಿ ಇಳಿಯಬಹುದು. ಆದರೆ ಅದಕ್ಕೆ ಒಂದು ಕಾಗದ ಬೇಕು. ಆ ಕಾಗದದ ಬಗ್ಗೆ ತೀರ್ಥಹಳ್ಳಿ, ಸಾಗರದ ಕಡೆಯಿಂದೆಲ್ಲ ಹುಡುಗರು ಮೆಸೇಜ್ ಮಾಡಿ ಕೇಳುತ್ತಿದ್ದಾರೆ, ಎಲ್ಲರಿಗೂ ಒಂದೇ ಕಡೆ ಉತ್ತರ ಸಿಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಚಿಕ್ಕ ವಯಸ್ಸಿನಿಂದ ಟೈಪ್ 1 ಶುಗರ್. ಇನ್ಸುಲಿನ್ ಬಿಟ್ಟರೆ ಬದುಕೇ ಇಲ್ಲ. ಅದೇ ಇನ್ಸುಲಿನ್, ಕ್ರೀಡೆಯಲ್ಲಿ ಡೋಪಿಂಗ್ ತಡೆಯುವ ವಿಶ್ವ ಸಂಸ್ಥೆ ವಾಡಾದ ಪಟ್ಟಿಯಲ್ಲಿ ನಿಷೇಧಿತ ಔಷಧಿ. ರೇಸ್ ದಿನ ಮಾತ್ರ ಅಲ್ಲ, ವರ್ಷಪೂರ್ತಿ. ಸಕ್ಕರೆಯನ್ನು ಸ್ನಾಯುಗಳ ಒಳಗೆ ಕಳಿಸುವುದು, ಸ್ನಾಯು ಕರಗದಂತೆ ತಡೆಯುವುದು ಅದರ ಕೆಲಸ, ಹಾಗಾಗಿ ಶುಗರ್ ಇಲ್ಲದವರು ಅದನ್ನು ದುರುಪಯೋಗ ಮಾಡಿಕೊಳ್ಳಬಹುದು ಅನ್ನುವ ಭಯ. ನ್ಯಾಯವಾದ ಭಯವೇ. ಹಾಗಂತ ನಮ್ಮಂಥವರು ಮನೆಯಲ್ಲಿ ಕೂರಬೇಕಾಗಿಲ್ಲ. ನಿಜವಾಗಿ ಕಾಯಿಲೆ ಇರುವವರಿಗೆ ವೈದ್ಯಕೀಯ ವಿನಾಯಿತಿ ಇದೆ, ಅದಕ್ಕೇ ಟಿಯುಇ ಅನ್ನುತ್ತಾರೆ. ನಮ್ಮ ದೇಶದಲ್ಲಿ ಕೊಡುವುದು ನಾಡಾ, ಅಂದರೆ ರಾಷ್ಟ್ರೀಯ ಡೋಪಿಂಗ್ ತಡೆ ಸಂಸ್ಥೆ.

ನನ್ನ ಕಡೆಯಿಂದ ಐದಕ್ಕೆ ನಾಲ್ಕು.

ಯಾಕೆ ಇಷ್ಟ ಆಯಿತು ಅಂದರೆ, ಅಲ್ಲಿ ಕೇಳುವ ಪ್ರಶ್ನೆಗಳು ನೇರವಾಗಿವೆ. ಕಾಯಿಲೆ ಇರುವುದಕ್ಕೆ ಪುರಾವೆ ಏನು? ಈ ಔಷಧಿ ನಿಮ್ಮನ್ನು ಮಾಮೂಲಿ ಆರೋಗ್ಯದ ಮಟ್ಟಕ್ಕೆ ತರುತ್ತದೋ, ಅದಕ್ಕಿಂತ ಮೇಲಕ್ಕೆ ಒಯ್ಯುತ್ತದೋ? ಪಟ್ಟಿಯಲ್ಲಿ ಇಲ್ಲದ ಬೇರೆ ಔಷಧಿಯಿಂದ ಕೆಲಸ ಆಗುವುದಿಲ್ಲವಾ? ಹಿಂದೆ ವಿನಾಯಿತಿ ಇಲ್ಲದೆ ನಿಷೇಧಿತ ಔಷಧಿ ತೆಗೆದುಕೊಂಡಿದ್ದರಿಂದಲೇ ಈಗ ಇದು ಬೇಕಾಗಿದೆಯಾ? ಕನಿಷ್ಠ ಮೂವರು ಡಾಕ್ಟರ್‌ಗಳ ಸಮಿತಿ ಇದನ್ನು ನೋಡುತ್ತದೆ. ಫೈಲ್ ಗುಟ್ಟಾಗಿ ಇರುತ್ತದೆ. ಎಲ್ಲ ದಾಖಲೆ ಸರಿಯಾಗಿ ಕೈಸೇರಿದರೆ 21 ದಿನದೊಳಗೆ ತೀರ್ಮಾನ ಹೇಳಬೇಕು ಅನ್ನುವುದು ನಿಯಮ, ಆದರೆ ರೇಸ್‌ಗೆ 30 ದಿನ ಮುಂಚೆಯಾದರೂ ಅರ್ಜಿ ಹಾಕಬೇಕು. ಕೊನೆಗೆ ಸಿಗುವ ಪತ್ರದಲ್ಲಿ ಔಷಧಿ ಯಾವುದು, ಎಷ್ಟು, ಹೇಗೆ ತೆಗೆದುಕೊಳ್ಳಬೇಕು, ಯಾವತ್ತಿನವರೆಗೆ ಅಂತ ಎಲ್ಲ ಇರುತ್ತದೆ.

ಇನ್ನು ದಾಖಲೆಯ ವಿಷಯ. ಇದರಲ್ಲೇ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಮೊದಲು ಹೋದ ಆಸ್ಪತ್ರೆಯಲ್ಲಿ ಲೆಟರ್‌ಹೆಡ್ ಮೇಲೆ ಎರಡು ಸಾಲು ಬರೆದು, ಸೀಲ್ ಒತ್ತಿ ಕೈಗೆ ಕೊಟ್ಟರು. "ಇವರಿಗೆ ಮಧುಮೇಹ ಇದೆ, ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾರೆ" ಅಷ್ಟೇ. ಅದು ಸಾಲುವುದಿಲ್ಲ. ಸಮಿತಿ ನೋಡುವುದು ಪರೀಕ್ಷೆಯ ರಿಪೋರ್ಟ್‌ಗಳನ್ನು. ಆಮೇಲೆ ಹೋದ ಡಾಕ್ಟರಮ್ಮ ಕುರ್ಚಿ ಎಳೆದು ಕೂರಿಸಿ, "ಮೊದಲು ಅಡ್ಮಿಟ್ ಆದಾಗಿನ ಕಾಗದ ಇದೆಯೇನಪ್ಪಾ?" ಅಂತ ಕೇಳಿದರು. ಅಮ್ಮ ಅದನ್ನು ಟ್ರಂಕ್‌ನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದರು. ನಮ್ಮ ಮಳೆಗಾಲದ ತೇವಕ್ಕೆ ಅಂಚೆಲ್ಲ ಬೂಸ್ಟು ಹಿಡಿದಿತ್ತು, ಶಾಯಿ ಹರಡಿತ್ತು, ಆದರೆ ತಾರೀಖು ಮತ್ತು ಶುಗರ್ ಎಷ್ಟಿತ್ತು ಅನ್ನುವುದು ಓದಲು ಬರುತ್ತಿತ್ತು. ಅವರು ಆ ಹಾಳೆಯನ್ನು ಕಿಟಕಿ ಬೆಳಕಿಗೆ ಹಿಡಿದು ಓದಿ, ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಶುಗರ್), ಸಿ-ಪೆಪ್ಟೈಡ್ (ದೇಹ ತಾನಾಗಿ ಎಷ್ಟು ಇನ್ಸುಲಿನ್ ಮಾಡುತ್ತಿದೆ) ರಿಪೋರ್ಟ್ ಜೊತೆಗಿಟ್ಟು, ಮಾತ್ರೆ ಯಾಕೆ ಆಗುವುದಿಲ್ಲ ಅಂತ ಕಾರಣ ಸಮೇತ ಪೂರ್ತಿ ಪತ್ರ ಬರೆದುಕೊಟ್ಟರು. ಟಿಯುಇ ಸಿಗುವುದು, ಬಿಡುವುದು ಇಂಥ ಒಬ್ಬ ಡಾಕ್ಟರ್ ಸಿಗುವುದರ ಮೇಲೆ ನಿಂತಿದೆ.

ಒಂದು ಅಂಕ ಕಡಿಮೆ ಕೊಟ್ಟಿದ್ದು ಯಾಕೆ ಅಂದರೆ, ಇಂಥದ್ದೊಂದು ಸೌಲಭ್ಯ ಇದೆ ಅಂತ ನಮ್ಮ ಕಡೆ ಹೇಳುವವರೇ ಇಲ್ಲ. ರೇಸ್ ನಡೆಸುವವರೊಬ್ಬರನ್ನು ಕೇಳಿದರೆ, "ಫಿಟ್ನೆಸ್ ಸರ್ಟಿಫಿಕೇಟ್ ತನ್ನಿ ಮಾರಾಯ್ರೆ, ಸಾಕು" ಅಂದರು. ಸಾಕಾಗುವುದಿಲ್ಲ. ಫಿಟ್ನೆಸ್ ಸರ್ಟಿಫಿಕೇಟ್ ಬೇರೆ, ಡಾಕ್ಟರ್ ಚೀಟಿ ಬೇರೆ, ಟಿಯುಇ ಬೇರೆ. ಚೀಟಿ ಇದ್ದ ಮಾತ್ರಕ್ಕೆ ವಿನಾಯಿತಿ ಇದೆ ಅಂತ ಆಗುವುದಿಲ್ಲ.

"ನಮ್ಮಂಥ ಅಮೆಚೂರ್‌ಗಳನ್ನು ಯಾರು ಟೆಸ್ಟ್ ಮಾಡುತ್ತಾರೆ?" ಅಂತ ತುಂಬಾ ಜನ ಕೇಳುತ್ತಾರೆ. ಭಾನುವಾರ ಬೆಳಿಗ್ಗೆ ಸಕ್ರೆಬೈಲು, ಮಂಡಗದ್ದೆವರೆಗೆ ಹೋಗಿ ಬರುವವರಿಗೆ ಇದ್ಯಾವುದೂ ಬೇಡ. ಆದರೆ ಫೆಡರೇಷನ್ ಅಡಿಯ ರೇಸ್‌ಗೆ ಇಳಿದರೆ ನಿಯಮ ನಮಗೂ ಅನ್ವಯ. ಅಮೆರಿಕದಲ್ಲಿ 2018ರಲ್ಲಿ ಹಿರಿಯರಿಗಾಗಿ ನಡೆಯುವ ಮಾಸ್ಟರ್ಸ್ ಟ್ರ್ಯಾಕ್ ಸೈಕ್ಲಿಂಗ್ ಸ್ಪರ್ಧೆಯಲ್ಲಿ ಕಾರ್ಲ್ ಗ್ರೋವ್ ಅನ್ನುವವರನ್ನು ಟೆಸ್ಟ್ ಮಾಡಿದಾಗ ಅವರಿಗೆ 90 ವರ್ಷ! ಟ್ರೆನ್ಬೋಲೋನ್ ಅನ್ನುವ, ಸ್ನಾಯು ಬೆಳೆಸುವ ಸ್ಟಿರಾಯ್ಡ್ ಸಿಕ್ಕಿತು. ತಿಂದ ಮಾಂಸದಿಂದ ಬಂದಿರುವ ಸಾಧ್ಯತೆಯೇ ಜಾಸ್ತಿ ಅಂತ ಒಪ್ಪಿ, ಎಚ್ಚರಿಕೆ ಕೊಟ್ಟು ಬಿಟ್ಟರು, ಆದರೂ ಆ ಫಲಿತಾಂಶ ಹೋಯಿತು. ರಾಷ್ಟ್ರೀಯ ಮಟ್ಟಕ್ಕಿಂತ ಕೆಳಗಿನವರಿಗೆ ಒಂದು ಅನುಕೂಲ ಇದೆ. ಟೆಸ್ಟ್ ಆದ ಮೇಲೂ ಟಿಯುಇಗೆ ಅರ್ಜಿ ಹಾಕುವ ಅವಕಾಶ ಅವರಿಗೆ ಕೊಡಲೇಬೇಕು. ಆಗಲೂ ಅದೇ ದಾಖಲೆ ಬೇಕು, ಅವಸರದಲ್ಲಿ ಹುಡುಕುವ ಬದಲು ಈಗಲೇ ಜೋಡಿಸಿಟ್ಟುಕೊಳ್ಳುವುದು ವಾಸಿ ಅಲ್ವಾ.

ನನ್ನದು ಇನ್ಸುಲಿನ್ ಕಥೆ. ಆದರೆ ಮಲೆನಾಡಿನಲ್ಲಿ ಇದಕ್ಕಿಂತ ಜಾಸ್ತಿ ಇರುವುದು ಉಬ್ಬಸದವರು. ಅವರಿಗೆ ಸಮಾಧಾನದ ಸುದ್ದಿ: ಸಾಲ್ಬುಟಮಾಲ್ ಪಂಪ್‌ಗೆ ವಿನಾಯಿತಿಯೇ ಬೇಡ, ಮಿತಿಯೊಳಗೆ ಇದ್ದರೆ ಆಯಿತು. 24 ಗಂಟೆಯಲ್ಲಿ 1600 ಮೈಕ್ರೋಗ್ರಾಂ, ಯಾವುದೇ 8 ಗಂಟೆಯಲ್ಲಿ 600 ದಾಟಬಾರದು. ಒಂದು ಪಫ್‌ಗೆ 100 ಇರುವ ಪಂಪ್ ಆದರೆ 8 ಗಂಟೆಯಲ್ಲಿ ಆರು ಪಫ್. ಬುಡೆಸೊನೈಡ್ ಪಂಪ್‌ಗೂ ತೊಂದರೆ ಇಲ್ಲ. ಆದರೆ ಅದೇ ಸಾಲ್ಬುಟಮಾಲ್ ಮಾತ್ರೆ ಅಥವಾ ಸಿರಪ್ ಆದರೆ ನಿಷೇಧ. ನಮ್ಮಲ್ಲಿ ಕೆಮ್ಮು ಅಂದ ಕೂಡಲೇ ಮೆಡಿಕಲ್‌ನವರು ಕೊಡುವ ಎಷ್ಟೋ ಸಿರಪ್‌ಗಳಲ್ಲಿ ಟರ್ಬುಟಲಿನ್ ಇರುತ್ತದೆ, ಅದೂ ನಿಷೇಧ. ದಯವಿಟ್ಟು ಬಾಟಲಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ದುರ್ಗಿಗುಡಿಯಲ್ಲಿ ನಾನು ಹೋಗುವ ಮೆಡಿಕಲ್‌ನ ಹುಡುಗ ಈಗ ತಾನಾಗಿಯೇ ಓದಿ, "ಅಣ್ಣಾ, ಇದು ನಿಮಗೆ ಆಗಲ್ಲ" ಅಂತ ಬೇರೆ ಬಾಟಲಿ ತೆಗೆದುಕೊಡುತ್ತಾನೆ. ಅವನಿಗೆ ಐದಕ್ಕೆ ಐದು.

ಬಿಪಿಯವರು ಮಾತ್ರೆ ಹೆಸರಿನ ಕೊನೆಯಲ್ಲಿ 'ಎಚ್' ಇದೆಯಾ ನೋಡಿ. ಅದು ಸಾಮಾನ್ಯವಾಗಿ ಹೈಡ್ರೋಕ್ಲೋರೋಥಯಾಜೈಡ್, ಮೂತ್ರ ಜಾಸ್ತಿ ಮಾಡಿಸುವ ಔಷಧಿ, ವರ್ಷಪೂರ್ತಿ ನಿಷೇಧ. ಬರೀ ಆಮ್ಲೋಡಿಪಿನ್ ಆದರೆ ಚಿಂತೆ ಇಲ್ಲ, 'ಎಚ್' ಇದ್ದರೆ ಡಾಕ್ಟರ್ ಹತ್ತಿರ ಬದಲಿ ಕೇಳಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ನೋವಿಗೆ ಕೊಡುವ ಟ್ರಮಡಾಲ್ ಅನ್ನು ಸೈಕ್ಲಿಂಗ್ ಸಂಸ್ಥೆ ಯುಸಿಐ 2019ರಲ್ಲೇ ರೇಸ್‌ಗಳಲ್ಲಿ ನಿಲ್ಲಿಸಿತ್ತು, 2024ರಿಂದ ವಾಡಾ ಕೂಡ ಸೇರಿಸಿದೆ. ಮಂಡಿಗೆ ಹಾಕಿಸುವ ಸ್ಟಿರಾಯ್ಡ್ ಇಂಜೆಕ್ಷನ್ 2022ರಿಂದ ರೇಸ್ ಸಮಯಕ್ಕೆ ನಿಷೇಧ. ಜ್ವರ ಬಂದಾಗ "ಒಂದು ಡ್ರಿಪ್ ಹಾಕಿಬಿಡಿ ಡಾಕ್ಟ್ರೇ" ಅನ್ನುವ ಅಭ್ಯಾಸ ನಮಗಿದೆ. ಆಸ್ಪತ್ರೆ ಚಿಕಿತ್ಸೆಗೆ ಹಾಕಿದ್ದು ಬಿಟ್ಟರೆ, 12 ಗಂಟೆಯಲ್ಲಿ 100 ಮಿಲಿ ದಾಟಿದ ಡ್ರಿಪ್ ಕೂಡ ನಿಷೇಧವೇ, ಒಳಗೆ ಬರೀ ಗ್ಲೂಕೋಸ್ ಇದ್ದರೂ. ಥೈರಾಯ್ಡ್ ಮಾತ್ರೆ, ಮೆಟ್‌ಫಾರ್ಮಿನ್ ಪಟ್ಟಿಯಲ್ಲಿ ಇಲ್ಲ.

ಟಿಯುಇ ಅಂದರೆ ಕಳ್ಳದಾರಿ ಅನ್ನುವವರೂ ಇದ್ದಾರೆ. 2012ರ ಟೂರ್ ದ ಫ್ರಾನ್ಸ್ ಗೆದ್ದ ಬ್ರಾಡ್ಲಿ ವಿಗಿನ್ಸ್‌ಗೆ ಟ್ರಯಾಮ್ಸಿನೋಲೋನ್ ಅನ್ನುವ ಸ್ಟಿರಾಯ್ಡ್ ಇಂಜೆಕ್ಷನ್‌ಗೆ ವಿನಾಯಿತಿ ಇತ್ತು ಅಂತ 2016ರಲ್ಲಿ ಹ್ಯಾಕರ್‌ಗಳಿಂದ ಹೊರಬಿತ್ತು. ಅವರು ನಿಯಮ ಮುರಿದರು ಅಂತ ಸಾಬೀತಾಗಲಿಲ್ಲ, ಆದರೂ ಆವತ್ತಿನಿಂದ ಈ ಶಬ್ದ ಕೇಳಿದರೆ ಜನ ಹುಬ್ಬೇರಿಸುತ್ತಾರೆ. ನನಗೂ ಒಬ್ಬರು ಹಾಗೆ ಹೇಳಿದರು, ನೋವಾಯಿತು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಮೇಲೆ ಹತ್ತುವಾಗ ಶುಗರ್ ಇಳಿದು, ಕೈ ನಡುಗಿ, ಗ್ಲೂಕೋಸ್ ಪುಡಿಯ ಪ್ಯಾಕೆಟ್ ಹರಿಯಲು ಆಗದೆ ಹಲ್ಲಿನಿಂದ ಹರಿಯುವುದು ಎಂಥ ಅನುಕೂಲ ಅಂತ ಅವರು ಬಂದು ನೋಡಲಿ. ಟೀಮ್ ನೋವೋ ನಾರ್ಡಿಸ್ಕ್ ಅಂತ ಒಂದು ವೃತ್ತಿಪರ ತಂಡ ಇದೆ, ಸವಾರರೆಲ್ಲರೂ ಟೈಪ್ 1 ಇರುವವರೇ. ಮಿಲಾನ್–ಸಾನ್‌ರೆಮೊದಂಥ 300 ಕಿ.ಮೀ. ಹತ್ತಿರದ ರೇಸ್‌ನಲ್ಲೂ ಇನ್ಸುಲಿನ್ ಇಟ್ಟುಕೊಂಡೇ ಓಡಿದ್ದಾರೆ. ಈ ವಿನಾಯಿತಿ ಇಲ್ಲದಿದ್ದರೆ ಆ ತಂಡವೇ ಇರುತ್ತಿರಲಿಲ್ಲ.

ಮಳೆ ಬಿಟ್ಟ ಮೇಲೆ ರೇಸ್ ಓಡುವ ಯೋಚನೆ ಇದ್ದರೆ ಶ್ರಾವಣದಲ್ಲೇ ದಾಖಲೆ ಹುಡುಕಲು ಶುರು ಮಾಡಿ. ಸಿಕ್ಕಿದ್ದನ್ನು ಬೂಸ್ಟು ಹಿಡಿಯುವ ಮುಂಚೆ ಸ್ಕ್ಯಾನ್ ಮಾಡಿಸಿಡಿ. ವಾಡಾ ಪಟ್ಟಿ ಪ್ರತಿ ಜನವರಿ 1ಕ್ಕೆ ಹೊಸದಾಗುತ್ತದೆ, ಹಾಗಾಗಿ ನಾನು ಇಲ್ಲಿ ಬರೆದದ್ದನ್ನೂ ಒಮ್ಮೆ ಹೊಸ ಪಟ್ಟಿಯ ಜೊತೆ ತಾಳೆ ನೋಡಿಕೊಳ್ಳಿ.