ಲೀ-ಎನ್‌ಫೀಲ್ಡ್ ಟ್ರಿಗರ್ ಬಿಗಿ ಎಂದು ಅರ ಹಾಕಬೇಡಿ

ಸೇನೆ ಬಳಸಿ ಮಾರಿದ ಹಳೆಯ ಲೀ-ಎನ್‌ಫೀಲ್ಡ್ ರೈಫಲನ್ನು ಅಮೆರಿಕ, ಕೆನಡಾಗಳಲ್ಲಿ ಕಾನೂನುಬದ್ಧವಾಗಿ ಕೊಂಡವರು ಮೊದಲು ದೂರುವುದು ಟ್ರಿಗರ್ ಬಿಗಿ ಎಂದು. ಒಂದೆರಡು ವಿಡಿಯೊ ನೋಡಿದ ಮೇಲೆ ಕೈ ಅರದ ಕಡೆ ಹೋಗುತ್ತದೆ. ದಯವಿಟ್ಟು ಹೋಗಬಾರದು. ಏಕೆ ಎಂಬುದಕ್ಕೆ ಅಮೆರಿಕದ ಒಂದು ಶೂಟಿಂಗ್ ರೇಂಜಿನಲ್ಲಿ ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇವೆ.

ರೈಫಲ್ ಪಶ್ಚಿಮ ಬಂಗಾಳದ ಇಶಾಪುರದಲ್ಲಿ ತಯಾರಾದ 2ಎ1 ಮಾದರಿಯದು. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಇದ್ದ ತ್ರೀ-ನಾಟ್-ತ್ರೀ ಕುಟುಂಬದ್ದೇ, ಆದರೆ 7.62 ಮಿ.ಮೀ. ನೇಟೊ ತೋಟಾಕ್ಕೆ ಹೊಂದಿಸಿದ್ದು. ಮಾಲೀಕರು ಟ್ರಿಗರ್ ಹಗುರ ಮಾಡಿಕೊಂಡು ಬಂದಿದ್ದರು. ಮೊದಲ ಕೆಲವು ಈಡು ಸರಿಯಾಗಿಯೇ ಹೋದವು. ಆಮೇಲೆ ಒಮ್ಮೆ ತೋಟಾವನ್ನು ನಳಿಗೆಗೆ ತಳ್ಳುವ ಬೋಲ್ಟನ್ನು ಮುಂದಕ್ಕೆ ತಳ್ಳಿ ಹಿಡಿಕೆಯನ್ನು ಕೆಳಕ್ಕೆ ತಿರುಗಿಸಿದ ಕ್ಷಣದಲ್ಲೇ ಈಡು ಹಾರಿತು. ಬೆರಳು ಟ್ರಿಗರ್ ಹತ್ತಿರವೂ ಇರಲಿಲ್ಲ, ಅಂಗೈ ಇನ್ನೂ ಹಿಡಿಕೆಯ ಮೇಲೇ ಇತ್ತು. ನಳಿಗೆ ಮಣ್ಣಿನ ದಿಬ್ಬದ ಕಡೆಗಿದ್ದುದರಿಂದ ಗುಂಡು ದಿಬ್ಬ ಸೇರಿತು. ಯಾರಿಗೂ ಏನೂ ಆಗದಿದ್ದದ್ದು ಅದೊಂದೇ ಕಾರಣಕ್ಕೆ.

ಬಿಚ್ಚಿ ನೋಡಿದಾಗ ಕಂಡದ್ದು ಇದು. ಬೋಲ್ಟಿನ ಹಿಂಭಾಗದಲ್ಲಿ ಕಾಕಿಂಗ್ ಪೀಸ್ ಇರುತ್ತದೆ. ಮುಖ್ಯ ಸ್ಪ್ರಿಂಗಿನ ಬಲಕ್ಕೆ ಮುಂದೆ ನುಗ್ಗಲು ಸಿದ್ಧವಾಗಿರುವ ಅದನ್ನು ಸಿಯರ್ ಎಂಬ ಕೊಂಡಿ ತಡೆದು ಹಿಡಿದಿರುತ್ತದೆ. ಆ ಕೊಂಡಿ ಕೂರುವ ಮೆಟ್ಟಿಲಿಗೇ ಅರ ಬಿದ್ದಿತ್ತು. ನೇರವಾಗಿರಬೇಕಾದ ಮುಖ ಇಳಿಜಾರಾಗಿತ್ತು, ಅಂಚು ದುಂಡಗಾಗಿತ್ತು, ಸಿಯರ್ ತಾಗುವ ಜಾಗದಲ್ಲಿ ಕೂದಲೆಳೆಯಷ್ಟು ಅಗಲದ ಹೊಸ ಹೊಳಪಿನ ಗೆರೆ. ಅಂದರೆ ಇಡೀ ಸ್ಪ್ರಿಂಗಿನ ಬಲ ನಿಂತಿದ್ದದ್ದು ಆ ಗೆರೆಯ ಮೇಲೆ. ಮೊದಲೇ ಇಳಿಜಾರಾದ ಮುಖ ಸಿಯರನ್ನು ಹಿಡಿಯುವ ಬದಲು ಜಾರಿಸುತ್ತದೆ. ಹಿಡಿಕೆ ತಿರುಗಿಸಿದಾಗಿನ ಸಣ್ಣ ಪೆಟ್ಟೇ ಅದಕ್ಕೆ ಸಾಕಾಯಿತು.

ಇನ್ನೂ ಬೇಸರದ ಸಂಗತಿ ನಳಿಗೆಯ ಕೆಳಗಿನ ಮರ ಬಿಚ್ಚಿದಾಗ ಸಿಕ್ಕಿತು. ಕಾಕಿಂಗ್ ಪೀಸ್ ಬೋಲ್ಟಿನ ಜೊತೆಗೇ ಹೊರಬರುವುದರಿಂದ ಅರ ಹಾಕಲು ಮರ ಬಿಚ್ಚುವ ಅಗತ್ಯವೇ ಬಿದ್ದಿರಲಿಲ್ಲ. ಮರದೊಳಗೆ, ಸಿಯರ್ ಸ್ಪ್ರಿಂಗಿನ ಸುತ್ತ, ಸೇನೆಯವರು ದಾಸ್ತಾನಿಗೆ ಬಳಿದ ಕಾಸ್ಮೊಲೀನ್ ಗ್ರೀಸ್ ಗಟ್ಟಿಯಾಗಿ ಕಂದು ಬಣ್ಣದ ಅಂಟಾಗಿತ್ತು. ಟ್ರಿಗರ್ ಆಡುವ ಸಂದಿನ ಒಂದು ಬದಿಯ ಮರಕ್ಕೆ ಲೋಹ ಉಜ್ಜಿ ಉಜ್ಜಿ ಕಪ್ಪಗೆ ಮಿರುಗುವ ಪಟ್ಟಿ ಮೂಡಿತ್ತು. ಬಿಗಿಯ ನಿಜವಾದ ಕಾರಣ ಅಲ್ಲೇ ಇತ್ತು. ಕೆಟ್ಟದ್ದೇ ಇಲ್ಲದ ಭಾಗ ಹಾಳಾಯಿತು, ಕೆಟ್ಟದ್ದು ಹಾಗೇ ಉಳಿಯಿತು.

ಈ ರೈಫಲಿನ ಟ್ರಿಗರ್ ಎರಡು ಹಂತದ್ದು. ಟ್ರಿಗರ್ ತಲೆಯಲ್ಲಿ ಎರಡು ಉಬ್ಬುಗಳಿವೆ. ಮೊದಲನೆಯದು ಸಿಯರನ್ನು ಉದ್ದಕ್ಕೆ, ಹಗುರವಾಗಿ ಎಳೆದು ಮೆಟ್ಟಿಲಿನ ಅಂಚಿನ ತನಕ ತರುತ್ತದೆ. ಅಲ್ಲಿ ಬೆರಳಿಗೆ ತಡೆ ಸಿಗುತ್ತದೆ. ಎರಡನೇ ಉಬ್ಬು ಕೊನೆಯ ಚೂರನ್ನು ಬಿಡಿಸುತ್ತದೆ. ಸೇನೆಯ ಅಳತೆ ಮೊದಲ ಹಂತಕ್ಕೆ 3ರಿಂದ 4 ಪೌಂಡ್, ಎರಡನೆಯದಕ್ಕೆ 5ರಿಂದ 6½ ಪೌಂಡ್. ಹಾಗಾಗಿ ಮೊದಲು ಎಳೆತದ ಬಲ ಅಳೆಯುವ ಟ್ರಿಗರ್ ಗೇಜ್ ಹಾಕಿ ಅಳೆಯಿರಿ. 6 ಪೌಂಡ್ ಬಂದರೆ ರೈಫಲಿಗೆ ಯಾವ ರೋಗವೂ ಇಲ್ಲ, ಅದು ಇರಬೇಕಾದದ್ದೇ ಹಾಗೆ. 8, 9 ಬಂದರೆ ಮಾತ್ರ ಕಾರಣ ಹುಡುಕಬೇಕು. ಮೊದಲ ಹಂತ ಉದ್ದವಾಗಿರುವುದು ದೋಷವಲ್ಲ, ಅದೇ ರಕ್ಷಣೆ: ವಿಶ್ರಾಂತಿಯಲ್ಲಿ ಸಿಯರ್ ಆಳವಾಗಿ ಕೂತಿರಲೆಂದೇ ಆ ಉದ್ದ ಇಟ್ಟಿರುವುದು. ಉಬ್ಬುಗಳನ್ನು ತಿದ್ದಿ ಮೊದಲ ಹಂತವನ್ನೇ ತೆಗೆದುಹಾಕುವ ಉಪಾಯ ಹೇಳುವವರಿದ್ದಾರೆ. ಹಾಗೆ ಮಾಡಿದ ರೈಫಲಿನಲ್ಲಿ ಸಿಯರ್ ಸದಾ ಅಂಚಿನ ಮೇಲೇ ಕೂತಿರುತ್ತದೆ.

ಕಾರಣ ಹುಡುಕುವ ಮೊದಲು ಮ್ಯಾಗಜಿನ್ ತೆಗೆದು, ಬೋಲ್ಟ್ ಹಿಂದೆಳೆದು, ತೋಟಾ ಕೂರುವ ಚೇಂಬರಿಗೆ ಕಿರುಬೆರಳು ಹಾಕಿ ಖಾಲಿ ಎಂದು ಖಚಿತಪಡಿಸಿಕೊಳ್ಳಿ. ತೋಟಾಗಳು ಆ ಕೋಣೆಯಲ್ಲೇ ಇರಬಾರದು. ಮೂತಿಯ ಕಡೆಯ ನೋಸ್ ಕ್ಯಾಪ್, ಬ್ಯಾಂಡುಗಳು, ಆಮೇಲೆ ಟ್ರಿಗರ್ ಗಾರ್ಡ್ ಬಿಚ್ಚಿ, ನಳಿಗೆಯ ಕೆಳಗಿನ ಮರವನ್ನು ಸಮನಾಗಿ ಕೆಳಕ್ಕೆ ಇಳಿಸಿ. ಮೂತಿಯ ಕಡೆಯಿಂದ ಮೀಟಿದರೆ ಹಿಂದುಗಡೆ ಸೀಳುತ್ತದೆ. ಲೀ-ಎನ್‌ಫೀಲ್ಡಿನ ಹಳೆಯ ನಂ. 1 ಮಾದರಿಯಲ್ಲೂ ಅದರಿಂದ ಬಂದ 2ಎ1ರಲ್ಲೂ ಈ ಮರ ಬಿಚ್ಚದೆ ಬಟ್ಟಿನ, ಅಂದರೆ ಹೆಗಲಿಗೆ ಆನಿಸುವ ಹಿಂದಿನ ಮರದ, ಒಳಗಿನ ಉದ್ದ ಸ್ಕ್ರೂ ಬೋಲ್ಟನ್ನು ತಿರುಗಿಸಲೇಬೇಡಿ. ಅದರ ಚೌಕ ತುದಿ ಮುಂದಿನ ಮರದಲ್ಲಿರುವ ತಗಡಿಗೆ ಸಿಕ್ಕಿಕೊಂಡಿರುತ್ತದೆ, ತಿರುಗಿಸಿದ ಕೂಡಲೇ ಮರ ಒಡೆಯುತ್ತದೆ.

ಗ್ರೀಸಿಗೆ ಮಿನರಲ್ ಸ್ಪಿರಿಟ್, ಹಳೆಯ ಹಲ್ಲುಜ್ಜುವ ಬ್ರಷ್, ತಾಳ್ಮೆ ಇದ್ದರೆ ಸಾಕು. ಬೆಂಕಿಯಿಂದ ದೂರ, ಗಾಳಿಯಾಡುವ ಜಾಗದಲ್ಲಿ ಮಾಡಿ. ಸಿಯರ್, ಅದರ ಪಟ್ಟಿ ಸ್ಪ್ರಿಂಗ್, ಟ್ರಿಗರ್ ಪಿನ್, ಬೋಲ್ಟಿನ ಒಳಗು, ಕಾಕಿಂಗ್ ಪೀಸ್ ಜಾರುವ ತೋಡು ಎಲ್ಲವೂ ಬರಿ ಲೋಹ ಕಾಣುವ ತನಕ ತೊಳೆದು ಒರೆಸಿ. ಪಿನ್ನುಗಳಿಗೆ ಒಂದೊಂದು ತೊಟ್ಟು ತೆಳು ಎಣ್ಣೆ, ಉಬ್ಬುಗಳಿಗೆ ಬೆಂಕಿಕಡ್ಡಿ ತುದಿಯಷ್ಟು ಮಾಲಿಬ್ಡಿನಂ ಗ್ರೀಸ್. ಮತ್ತೆ ಅಳೆಯಿರಿ. ಹೆಚ್ಚಿನ ರೈಫಲುಗಳ ದೂರು ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಮರ ನೋಡಿ. ನಂ. 1ರಲ್ಲೂ ಆಮೇಲೆ ಬಂದ ನಂ. 4 ಮಾರ್ಕ್ 1ರಲ್ಲೂ ಟ್ರಿಗರ್ ತೂಗಿರುವುದು ಟ್ರಿಗರ್ ಗಾರ್ಡಿನಿಂದ, ಸಿಯರ್ ಇರುವುದು ಬೋಲ್ಟ್ ಕೂರುವ ಲೋಹದ ಒಡಲಾದ ರಿಸೀವರಿನಲ್ಲಿ, ಎರಡರ ನಡುವೆ ಮರ. ಮರ ಒಣಗಿ ಕುಗ್ಗಿದರೆ, ಮಳೆಗೆ ಉಬ್ಬಿದರೆ, ಉಬ್ಬುಗಳು ಸಿಯರಿಗೆ ತಾಗುವ ರೀತಿಯೇ ಬದಲಾಗುತ್ತದೆ. ಬ್ರಿಟಿಷರಿಗೂ ಇದು ತಲೆನೋವಾಗಿತ್ತು, ನಂ. 4 ಮಾರ್ಕ್ 2ರಲ್ಲಿ ಟ್ರಿಗರನ್ನು ನೇರ ರಿಸೀವರಿಗೇ ತೂಗುಹಾಕಿದ್ದು ಅದಕ್ಕೇ. ಗಾರ್ಡಿನ ಮುಂದಿನ ಸ್ಕ್ರೂ ಹೋಗುವ ತೂತಿನಲ್ಲಿ ಒಂದು ಪುಟ್ಟ ಲೋಹದ ಕೊಳವೆ, ಕಾಲರ್, ಇರಬೇಕು. ಕೈಬದಲಾದ ರೈಫಲುಗಳಲ್ಲಿ ಅದು ಕಳೆದುಹೋಗಿರುವುದು ಸಾಮಾನ್ಯ. ಆಗ ಸ್ಕ್ರೂ ಬಿಗಿದಷ್ಟೂ ಗಾರ್ಡ್ ಮರವನ್ನು ಹಿಂಡುತ್ತಾ ಮೇಲೇರುತ್ತದೆ. ಸ್ಕ್ರೂ ಪೂರ್ತಿ ಬಿಗಿದು ಒಮ್ಮೆ, ಕಾಲು ಸುತ್ತು ಸಡಿಲಿಸಿ ಒಮ್ಮೆ ಗೇಜ್ ಹಾಕಿ. ಎರಡು ಅಳತೆಗಳು ಬೇರೆಯಾದರೆ ದೋಷ ಮರದಲ್ಲಿದೆ. ಹೊಸ ಕಾಲರ್ ತರಿಸಿ. ಲೋಹ ಉಜ್ಜುವ ಕಡೆ ಮರವನ್ನು ಎಮರಿ ಪೇಪರಿನಿಂದ ಸ್ವಲ್ಪ ಸ್ವಲ್ಪವೇ ಸವರಿ, ಟ್ರಿಗರಿಗೂ ಸಿಯರಿಗೂ ಮರ ಎಲ್ಲೂ ತಾಗದಂತೆ ಮಾಡಿ.

ಇಷ್ಟಾದರೂ ಎಳೆತ ಗರಗರ ಅಂದರೆ ಟ್ರಿಗರಿನ ಎರಡು ಉಬ್ಬುಗಳ ಒರಟನ್ನು ಮಾತ್ರ ಸಾವಿರ ನಂಬರಿನ ಪೇಪರಿನಿಂದ ನಯ ಮಾಡಬಹುದು. ಮೊದಲು ಮಾರ್ಕರ್ ಪೆನ್ನಿನ ಮಸಿ ಬಳಿಯಿರಿ, ಮಸಿ ಹೋದಲ್ಲಿಗೆ ನಿಲ್ಲಿಸಿ. ಉಬ್ಬಿನ ಎತ್ತರ ತಗ್ಗಬಾರದು. ಸಿಯರಿನ ಮೂಗು ಮತ್ತು ಕಾಕಿಂಗ್ ಪೀಸಿನ ಮೆಟ್ಟಿಲು ಮನೆಯಲ್ಲಿ ಮುಟ್ಟುವ ಭಾಗಗಳಲ್ಲ. ಇವುಗಳ ಹೊರಮೈ ಮಾತ್ರ ಗಡಸು, ಆ ಪದರ ತೆಳು. ಅದನ್ನು ದಾಟಿದರೆ ಒಳಗಿನ ಮೆದು ಲೋಹ ಪ್ರತಿ ಈಡಿಗೂ ಸವೆಯುತ್ತಾ ಹೋಗುತ್ತದೆ, ಹಾಗಾಗಿ ಮೇಜಿನ ಮೇಲೆ ಗೆದ್ದ ಟ್ರಿಗರ್ ರೇಂಜಿನಲ್ಲಿ ಸೋಲುತ್ತದೆ. ಮುಖ್ಯ ಸ್ಪ್ರಿಂಗಿನ ಸುತ್ತು ಕತ್ತರಿಸುವುದೂ ಬೇಡ. ತೋಟಾದ ಬುಡಕ್ಕೆ ಹೊಡೆಯುವ ಸ್ಟ್ರೈಕರಿನ ಪೆಟ್ಟು ದುರ್ಬಲವಾಗಿ ತೋಟಾ ಸಿಡಿಯದೆ ಉಳಿಯುತ್ತದೆ, ಇಲ್ಲವೇ ತಡವಾಗಿ ಸಿಡಿಯುತ್ತದೆ.

ಕೋನ ಸರಿಯಿದೆಯೇ ಎಂದು ಕಣ್ಣಲ್ಲೇ ನೋಡಬಹುದು. ಖಾಲಿ ರೈಫಲನ್ನು ಕಾಕ್ ಮಾಡಿ, ಅಂದರೆ ಬೋಲ್ಟ್ ಮುಚ್ಚಿ ಸಿಡಿಯಲು ಸಿದ್ಧ ಮಾಡಿ, ಟ್ರಿಗರನ್ನು ತೀರಾ ನಿಧಾನವಾಗಿ ಎಳೆಯುತ್ತಾ ಕಾಕಿಂಗ್ ಪೀಸನ್ನೇ ಗಮನಿಸಿ. ಅದು ಅಲುಗದೆ ನಿಂತರೆ, ಅಥವಾ ತುಸುವೇ ಹಿಂದೆ ಸರಿದರೆ ಸರಿ. ಬಿಡುವ ಮೊದಲೇ ಮುಂದಕ್ಕೆ ತೆವಳಿದರೆ ಆ ರೈಫಲಿಗೆ ತೋಟಾ ತುಂಬಬಾರದು.

ಜೋಡಿಸಿದ ಮೇಲಿನ ಪರೀಕ್ಷೆಗಳೂ ಖಾಲಿ ರೈಫಲಿನಲ್ಲೇ. ಬೋಲ್ಟನ್ನು ಇಪ್ಪತ್ತು ಸಲ ಜೋರಾಗಿ ಮುಚ್ಚಿ. ಒಂದೇ ಒಂದು ಸಲ ಕಾಕಿಂಗ್ ಪೀಸ್ ಮುಂದೆ ಜಾರಿದರೂ ಅನುತ್ತೀರ್ಣ. ಕಾಕ್ ಮಾಡಿ ಬಟ್ಟನ್ನು ರಬ್ಬರ್ ಚಾಪೆಯ ಮೇಲೆ ಒಂದಡಿ ಎತ್ತರದಿಂದ ಕುಕ್ಕಿ. ರಿಸೀವರಿನ ಎರಡೂ ಬದಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿ. ಸೇಫ್ಟಿ ಹಾಕಿ ಟ್ರಿಗರ್ ಬಲವಾಗಿ ಎಳೆದು ಬಿಡಿ, ಆಮೇಲೆ ಸೇಫ್ಟಿ ತೆಗೆಯಿರಿ: ಸ್ಟ್ರೈಕರ್ ಬೀಳಬಾರದು. ಕಾಕಿಂಗ್ ಪೀಸನ್ನು ಅರ್ಧ ದೂರದ ಹಾಫ್ ಕಾಕ್‌ನಲ್ಲಿಟ್ಟು ಟ್ರಿಗರ್ ಎಳೆದರೆ ಏನೂ ಬಿಡುಗಡೆಯಾಗಬಾರದು. ಎಲ್ಲದರಲ್ಲೂ ಗೆದ್ದ ಮೇಲೂ ರೇಂಜಿನಲ್ಲಿ ಮೊದಲ ಈಡುಗಳಿಗೆ ಒಂದೊಂದೇ ತೋಟಾ, ಮೂತಿ ದಿಬ್ಬದ ಕಡೆಗೇ.

ಕರ್ನಾಟಕದಲ್ಲಿ ಓದುತ್ತಿರುವವರಿಗೆ: ಭಾರತದಲ್ಲಿ .303 (ತ್ರೀ-ನಾಟ್-ತ್ರೀ) ನಿಷೇಧಿತ ಬೋರ್. ಯಾವ ಬಂದೂಕೇ ಆಗಲಿ, ರಿಪೇರಿಗೂ ಮಾರ್ಪಾಡಿಗೂ 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪರವಾನಗಿ ಬೇಕು. ಕೊಡಗಿನಲ್ಲಿ ಕೋವಿ ಹೊಂದಲು ವಿನಾಯಿತಿ ಇರುವವರೂ ಟ್ರಿಗರ್ ಕೆಲಸವನ್ನು ಪರವಾನಗಿ ಇರುವ ರಿಪೇರಿಯವರಿಗೇ ಕೊಡಬೇಕು.

ಈಗಾಗಲೇ ಯಾರೋ ಅರ ಹಾಕಿದ ರೈಫಲ್ ನಿಮ್ಮ ಕೈಗೆ ಬಂದಿದ್ದರೆ ಅದನ್ನು ತಿದ್ದಲು ಹೋಗಬೇಡಿ. ಬೆಸುಗೆ ಹಾಕಿ ಮೆಟ್ಟಿಲು ಎಬ್ಬಿಸಿದರೆ ಗಡಸುತನ ಹೋಗುತ್ತದೆ. ಸಿಯರ್, ಕಾಕಿಂಗ್ ಪೀಸ್ ಎರಡನ್ನೂ ಒಟ್ಟಿಗೆ ಬದಲಿಸಿ, ಗನ್‌ಸ್ಮಿತ್ ಕೈಯಲ್ಲಿ ಹೊಂದಿಸಿಕೊಳ್ಳಿ. ಹಳೆಯ ಕಾಕಿಂಗ್ ಪೀಸನ್ನು ಬಿಡಿಭಾಗಗಳ ಡಬ್ಬಿಗೆ ಹಾಕದೆ, ಮೆಟ್ಟಿಲಿನ ಅಡ್ಡಕ್ಕೆ ಗರಗಸದಿಂದ ಕೊಯ್ದು ಗುಜರಿಗೆ ಹಾಕಿ. ಇಲ್ಲದಿದ್ದರೆ ಮುಂದೊಂದು ದಿನ ಅದು ಇನ್ನೊಬ್ಬರ ರೈಫಲ್ ಸೇರುತ್ತದೆ.