ವಿಪೆಟ್ ಮರಿಗೆ ಕ್ರೇಟೋ, ಪ್ಲೇಪೆನ್ನೋ?

ವಿಪೆಟ್ ಎಂದರೆ ವೇಗವಾಗಿ ಓಡುವ ತೆಳು ಮೈಯ ನಾಯಿ ಜಾತಿ. ರಾತ್ರಿ ನಿದ್ದೆ ಮತ್ತು ಶೌಚದ ಅಭ್ಯಾಸಕ್ಕೆ ಕ್ರೇಟ್, ಅಂದರೆ ಬಾಗಿಲಿರುವ ಸರಳಿನ ಗೂಡು, ಮೇಲು. ಬೆಳೆದ ವಿಪೆಟ್ ಭುಜದವರೆಗೆ ಸುಮಾರು 44–51 ಸೆಂ.ಮೀ. ಇರುವುದರಿಂದ 36 ಇಂಚು ಉದ್ದದ್ದನ್ನೇ ಕೊಳ್ಳಿ. ಆದರೆ ಮರಿಗೆ ಅಷ್ಟೂ ಜಾಗ ಬಿಟ್ಟರೆ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದರಲ್ಲಿ ಉಚ್ಚೆ ಹೊಯ್ಯುತ್ತದೆ. ನಡುವೆ ಡಿವೈಡರ್ (ಅಡ್ಡತಡೆ) ಹಾಕಿ, ಎದ್ದು ನಿಂತು ತಿರುಗಿ ಮಲಗುವಷ್ಟೇ ಜಾಗ ಕೊಡಿ. ಒಳಗೆ ಬಿಡುವಾಗ ಕೊರಳಪಟ್ಟಿ ಬಿಚ್ಚಲೇಬೇಕು. ಅದರ ಬಿಲ್ಲೆ ಸರಳಿಗೆ ಸಿಕ್ಕಿಕೊಂಡರೆ ಉಸಿರುಗಟ್ಟುತ್ತದೆ.

ಹಗಲಲ್ಲಿ ಅಡುಗೆಯೋ ಆಫೀಸ್ ಕೆಲಸವೋ ಇದ್ದಾಗ ಪ್ಲೇಪೆನ್, ಅಂದರೆ ಮೇಲೆ ತೆರೆದ ಸರಳಿನ ಬೇಲಿ, ಅನುಕೂಲ. ಅಂಗಡಿಯವರು ತೋರಿಸುವ 60 ಸೆಂ.ಮೀ. ಎತ್ತರದ್ದನ್ನು ಈ ಜಾತಿಯ ಮರಿ ಕೆಲವೇ ತಿಂಗಳಲ್ಲಿ ಹಾರಿಬಿಡುತ್ತದೆ. ಕನಿಷ್ಠ 90 ಸೆಂ.ಮೀ. ಇರಲಿ, ಸರಳುಗಳು ಲಂಬವಾಗಿರಲಿ. ಅಡ್ಡಸರಳು ಅದಕ್ಕೆ ಏಣಿ. ಟೈಲ್ಸ್ ಮೇಲೆ ಮರಿ ತಳ್ಳಿದರೆ ಪೆನ್ ಪೂರಾ ಜಾರುತ್ತದೆ, ಸಂದಿಯಲ್ಲಿ ಕಾಲು ಸಿಕ್ಕಬಹುದು. ಒಂದು ಬದಿಯನ್ನು ಗೋಡೆಗೋ ಭಾರದ ಪೀಠೋಪಕರಣಕ್ಕೋ ಕಟ್ಟಿ.

ನೆಲದ ವಿಷಯದಲ್ಲಿ ಎರಡಕ್ಕೂ ರಿಯಾಯಿತಿಯಿಲ್ಲ. ನುಣುಪು ಟೈಲ್ಸ್ ಮೇಲೆ ಓಡಿ ತಿರುಗುವಾಗ ಆ ಸಣ್ಣ ಕಾಲುಗಳಿಗೆ ಪೆಟ್ಟಾಗುತ್ತದೆ, ಪೆನ್ ಒಳಗೆ ರಬ್ಬರ್ ಮ್ಯಾಟ್ ಹಾಸಿ. ಮೈಯಲ್ಲಿ ಕೊಬ್ಬಿಲ್ಲದ ನಾಯಿ, ಕ್ರೇಟ್‌ಗೆ ದಪ್ಪ ಹಾಸಿಗೆ ಬೇಕು. ಬರೀ ತೆಳು ಚಾದರವಾದರೆ ಮೊಣಕೈಯಲ್ಲಿ ಗಟ್ಟಿ ಚರ್ಮ ಕಟ್ಟುತ್ತದೆ. ಮೂಲೆ ಕಡಿದು ಒಳಗಿನ ಹತ್ತಿ ನುಂಗುವ ಮರಿಯಾದರೆ ಹಾಸಿಗೆ ತೆಗೆದು ಗಟ್ಟಿ ಫ್ಲೀಸ್ (ಉಣ್ಣೆಯಂಥ ಮೆತ್ತನೆ ಬಟ್ಟೆ) ಮಡಚಿ ಹಾಕಿ.

ಒಂದೇ ಕೊಳ್ಳುವುದಾದರೆ ಕ್ರೇಟ್ ಕೊಳ್ಳಿ. ವೆಟ್ ಬಳಿಗೆ, ಕಾರಿಗೆ ಅದೇ ಬೇಕು. ಆದರೆ ದಿನಕ್ಕೆ ನಾಲ್ಕೈದು ಗಂಟೆ ಮರಿ ಒಂಟಿಯಾಗಿರುವ ಮನೆಯಾದರೆ ಪೆನ್ ಒಳಗೇ ಬಾಗಿಲು ತೆರೆದ ಕ್ರೇಟ್ ಇಡಿ, ಖರ್ಚು ನೋಡಬೇಡಿ.