ಆನ್‌ಲೈನ್ ಹರಾಜಿನಲ್ಲಿ ಹಳೆಯ ಹ್ಯಾಮ್ ರಿಗ್: ವರ್ಷಗಳಿಂದ ಕೊಳ್ಳುತ್ತಿರುವವನ ಅಭಿಪ್ರಾಯ

ಹ್ಯಾಮ್‌ಗಳ (ಹವ್ಯಾಸಿ ರೇಡಿಯೊದವರ) ಹಳೆಯ ರಿಗ್‌ಗಳನ್ನು, ಅಂದರೆ ರೇಡಿಯೊ ಸೆಟ್‌ಗಳನ್ನು, ಹರಾಜಿನಲ್ಲಿ ಕೊಳ್ಳುವುದಕ್ಕೆ ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆಯಾಗಿದ್ದು ರೇಡಿಯೊಗಳಿಂದಲ್ಲ, ಮಾರುವವರು ಬರೆಯುವ ವಿವರಣೆಯಿಂದ. ನನ್ನ ಶ್ಯಾಕ್‌ನಲ್ಲಿ (ರೇಡಿಯೊ ಕೋಣೆಯಲ್ಲಿ) ಇರುವುದರಲ್ಲಿ ಹೆಚ್ಚಿನದು ಹರಾಜಿನ ಮಾಲೇ, ಬಹುಪಾಲು ಇವತ್ತಿಗೂ ಚೆನ್ನಾಗಿ ನಡೆಯುತ್ತಿದೆ.

‘ಪವರ್ ಸಪ್ಲೈ ಇಲ್ಲ, ಹಾಗಾಗಿ ಪರೀಕ್ಷಿಸಿಲ್ಲ’ ಎಂಬ ಸಾಲು ನೂರೆಂಟು ಕಡೆ ಕಾಣುತ್ತದೆ. 100 ವ್ಯಾಟ್ ಎಚ್‌ಎಫ್ (ಶಾರ್ಟ್‌ವೇವ್) ರಿಗ್ ಪೂರ್ತಿ ಟ್ರಾನ್ಸ್‌ಮಿಟ್ ಮಾಡಲು 13.8 ವೋಲ್ಟ್‌ನಲ್ಲಿ ಸುಮಾರು 20 ಆಂಪಿಯರ್ ಬೇಕು, ನಿಜ. ಆದರೆ ಡಿಸ್‌ಪ್ಲೇ ಹೊತ್ತುತ್ತದೆಯೇ, ರಿಸೀವರ್‌ನಿಂದ ಸದ್ದು ಬರುತ್ತದೆಯೇ ಎಂದು ನೋಡಲು ಕಾರಿನ ಬ್ಯಾಟರಿ ಧಾರಾಳ. ಅಷ್ಟನ್ನೂ ಮಾಡದವರ ರಿಗ್ ಕೆಟ್ಟಿದೆ ಎಂದೇ ಹಿಡಿದು, ಬಿಡಿಭಾಗಗಳ ಬೆಲೆಗಿಂತ ಒಂದು ಪೈಸೆಯೂ ಮೇಲೆ ಹೋಗುವುದಿಲ್ಲ. ಹ್ಯಾಮ್ ಒಬ್ಬರು ತೀರಿಕೊಂಡ ಮೇಲೆ ಮನೆಯವರು ಮಾರುವ ಸರಕಿನ ಮಾತು ಬೇರೆ. ಅವರಿಗೆ ನಿಜಕ್ಕೂ ಏನೂ ಗೊತ್ತಿರುವುದಿಲ್ಲ. ತಾಳ್ಮೆಯಿಂದ ಕೇಳಿದರೆ ಬೇಕಾದ ಫೋಟೊ ತೆಗೆದು ಕಳಿಸುತ್ತಾರೆ.

ಹೌದು, ಫೋಟೊ ಕೇಳಲೇಬೇಕು. ಡಮ್ಮಿ ಲೋಡ್ (ಆಂಟೆನಾ ಬದಲಿಗೆ ಪವರ್ ಹೀರುವ ರೆಸಿಸ್ಟರ್) ಜೋಡಿಸಿ ಪ್ರತಿ ಬ್ಯಾಂಡ್‌ನಲ್ಲೂ ವ್ಯಾಟ್‌ಮೀಟರ್ ಎಷ್ಟು ತೋರಿಸುತ್ತದೆ, ಹಿಂಬದಿಯ ಸೀರಿಯಲ್ ನಂಬರ್, ಪಕ್ಕದಲ್ಲಿ ಅಂದಿನ ತಾರೀಖು ಬರೆದ ಚೀಟಿ. ಬೇರೆಯವರ ಫೋಟೊ ಕದ್ದು ಹಾಕಿದವರು ಚೀಟಿ ಕೇಳಿದ ಕೂಡಲೇ ಮಾಯ. ಅಳೆಯುವುದನ್ನು ಸಿಡಬ್ಲ್ಯೂ (ಮೋರ್ಸ್) ಅಥವಾ ಎಫ್‌ಎಂನಲ್ಲಿ ಮಾಡಿ ಎಂದೂ ಹೇಳಿ. ಎಸ್‌ಎಸ್‌ಬಿಯಲ್ಲಿ (ಧ್ವನಿ ಇದ್ದಾಗ ಮಾತ್ರ ಪವರ್ ಹೊರಡುವ ವಿಧಾನ) ಮಾತಾಡದೆ ಪಿಟಿಟಿ (ಮೈಕಿನ ಗುಂಡಿ) ಒತ್ತಿದರೆ ಮುಳ್ಳು ಏಳುವುದೇ ಇಲ್ಲ.

ಇನ್ನು ಒಂದೊಂದು ಮಾಡೆಲ್‌ಗೂ ಅದರದೇ ಕಾಯಿಲೆ. ಕೆನ್‌ವುಡ್ ಟಿಎಸ್-440ಎಸ್‌ನಲ್ಲಿ ವಿಸಿಒ (ಆವರ್ತನ ಹುಟ್ಟಿಸುವ) ಭಾಗಕ್ಕೆ ಸುರಿದ ಅಂಟು ವರ್ಷ ಕಳೆದಂತೆ ಕರೆಂಟ್ ಹರಿಯಬಿಡುತ್ತದೆ, ಪಿಎಲ್‌ಎಲ್ (ಆವರ್ತನವನ್ನು ಹಿಡಿದಿಡುವ ಸರ್ಕ್ಯೂಟ್) ಲಾಕ್ ತಪ್ಪುತ್ತದೆ, ಡಿಸ್‌ಪ್ಲೇನಲ್ಲಿ ಅಂಕಿಗಳ ಬದಲು ಚುಕ್ಕೆಗಳು. ಅಂಟು ಕೆರೆದು ತೆಗೆಯುವ ವ್ಯವಧಾನ ಇದ್ದವರಿಗೆ ಇದೇ ಅಗ್ಗಕ್ಕೆ ಸಿಗುವ ಒಳ್ಳೆಯ ಮಾಲು. ಐಕಾಮ್ ಐಸಿ-751, ಆರ್-71ಎಗಳಲ್ಲಿ ರೇಡಿಯೊ ನಡೆಸುವ ಪ್ರೋಗ್ರಾಮ್ ಇರುವುದೇ ಬ್ಯಾಟರಿ ಆಸರೆಯ ರ‍್ಯಾಮ್ ಬೋರ್ಡಿನಲ್ಲಿ. ಆ ಲಿಥಿಯಂ ಸೆಲ್ ಸತ್ತರೆ ರಿಗ್ಗೂ ಸತ್ತಂತೆ, ಆದ್ದರಿಂದ ಸೆಲ್ ಯಾವಾಗ ಬದಲಾಯಿಸಿದ್ದು ಎಂಬುದೇ ಮೊದಲ ಪ್ರಶ್ನೆ. ಯಾಎಸು (Yaesu) ಎಫ್‌ಟಿ-101ಇಯ ಫೈನಲ್‌ಗಳು (ಪವರ್ ಕೊಡುವ ಕೊನೆಯ ಹಂತದ ಗಾಜಿನ ವಾಲ್ವ್‌ಗಳು) ಟಿವಿಗೆಂದು ಮಾಡಿದ 6ಜೆಎಸ್6ಸಿ ಸ್ವೀಪ್ ವಾಲ್ವ್‌ಗಳು. ಒಳ್ಳೆಯ ಜೋಡಿ ಸಿಗುವುದು ಕಷ್ಟ. ವಾಲ್ವ್ ರಿಗ್ಗೇ ಬೇಕೆಂದರೆ 6146ಬಿ ಇರುವ ಎಫ್‌ಟಿ-101ಜೆಡ್‌ಡಿ ವಾಸಿ.

ಜಪಾನಿನ ಒಳಮಾರುಕಟ್ಟೆಯ ಮಾಡೆಲ್‌ಗಳು ಮುಂದಿನಿಂದ ಥೇಟ್ ಒಂದೇ ಥರ. ಟಿಎಸ್-440ವಿ ಕೊಡುವುದು 10 ವ್ಯಾಟ್, ಐಸಿ-7300ಎಂ 50 ವ್ಯಾಟ್. ಹೆಸರಿನ ಕೊನೆಯ ಅಕ್ಷರ ನೋಡದೆ ಬಿಡ್ ಮಾಡಬೇಡಿ. ‘ಸಿಡಬ್ಲ್ಯೂ ಫಿಲ್ಟರ್ ಇದೆ’ ಎಂದರೆ ಮುಚ್ಚಳ ತೆಗೆದ ಫೋಟೊ ಕೇಳಿ. ಕೆನ್‌ವುಡ್‌ನ ಸಿಡಬ್ಲ್ಯೂ ಫಿಲ್ಟರ್ ವೈಕೆ-88ಸಿ ಬೋರ್ಡಿನ ಮೇಲೆ ಕಣ್ಣಿಗೇ ಕಾಣುತ್ತದೆ.

ಲೀನಿಯರ್ ಆಂಪ್ಲಿಫೈಯರ್‌ಗಳ (ರಿಗ್‌ನ ಪವರ್ ಹೆಚ್ಚಿಸುವ ಪೆಟ್ಟಿಗೆಗಳ) ವಿಷಯದಲ್ಲಿ ನನ್ನ ಅನುಭವ ಕೆಟ್ಟದ್ದು. ಟ್ರಾನ್ಸ್‌ಫಾರ್ಮರ್ ಒಳಗಿಟ್ಟೇ ಕಳಿಸಿದ್ದರು, ದಾರಿಯಲ್ಲಿ ಅದು ಛಾಸಿಯನ್ನೇ ಸೊಟ್ಟ ಮಾಡಿತ್ತು, ಜೊತೆಗೆ ವಾಲ್ವ್‌ಗಳ ಗಾಜು ಪುಡಿ. ಟ್ರಾನ್ಸ್‌ಫಾರ್ಮರ್ ಬೇರೆ ಪೆಟ್ಟಿಗೆ, ವಾಲ್ವ್‌ಗಳು ಸಾಕೆಟ್‌ನಿಂದ ಹೊರಗೆ ಎಂದು ಬರವಣಿಗೆಯಲ್ಲಿ ಒಪ್ಪದವರಿಂದ ಈಗ ಕೊಳ್ಳುವುದಿಲ್ಲ. ನೇರವಾಗಿ ಹೋಗಿ ತರಲು ಆಗುವುದಾದರೆ ಇನ್ನೂ ಒಳ್ಳೆಯದು.

ಬೆಲೆ ತಿಳಿಯಲು, ಮಾರಾಟವಾದವುಗಳ ಪಟ್ಟಿಯನ್ನೇ ನೋಡಿ, ಕೇಳುತ್ತಿರುವ ಬೆಲೆಯನ್ನಲ್ಲ. ಗರಿಷ್ಠ ಮೊತ್ತ ಮೊದಲೇ ಗೊತ್ತುಮಾಡಿಕೊಂಡು ಕೊನೆಯ ಕ್ಷಣಗಳಲ್ಲಿ ಒಂದೇ ಸಲ ಹಾಕಿ. ‘ಹರಾಜಿನ ಹೊರಗೆ ದುಡ್ಡು ಕೊಟ್ಟರೆ ಕಡಿಮೆ ಮಾಡುತ್ತೇನೆ’ ಎಂದವರಿಗೆ ನನ್ನದು ಮೌನ: ಹಾಗೆ ಕೊಂಡರೆ ಹರಾಜಿನಲ್ಲಿ ಖರೀದಿದಾರರಿಗೆ ಇರುವ ರಕ್ಷಣೆಯೆಲ್ಲ ಹೋಯಿತು. ಪೆಟ್ಟಿಗೆ ಬಿಚ್ಚುವಾಗ ವಿಡಿಯೊ ಮಾಡಿ, ವಾಪಸಿನ ಗಡುವಿನೊಳಗೆ ಎಲ್ಲ ಬ್ಯಾಂಡ್ ಪರೀಕ್ಷಿಸಿ, ಮೊದಲು ಕಡಿಮೆ ಪವರ್‌ನಲ್ಲಿ.

ಕಣ್ಣುಮುಚ್ಚಿ ಕೊಳ್ಳಬಹುದಾದದ್ದೂ ಇದೆ: ಮೋರ್ಸ್ ಕೀ, ಡಮ್ಮಿ ಲೋಡ್, ಬರ್ಡ್ 43 ವ್ಯಾಟ್‌ಮೀಟರ್. ಬರ್ಡ್‌ಗೆ ಎಲಿಮೆಂಟ್ (ಅಳೆಯುವ ಆವರ್ತನ, ಪವರ್‌ಗೆ ತಕ್ಕಂತೆ ಒಳಗೆ ಸಿಕ್ಕಿಸುವ ಭಾಗ) ಸೇರಿದೆಯೇ ಎಂದು ಮಾತ್ರ ಕೇಳಿಕೊಳ್ಳಿ, ಅದನ್ನು ಸಾಮಾನ್ಯವಾಗಿ ಬೇರೆಯೇ ಮಾರುತ್ತಾರೆ. ಎಲಿಮೆಂಟ್ ಇಲ್ಲದ ಮೀಟರ್ ಏನನ್ನೂ ಅಳೆಯದು.